ಮುಂದೆ ಹೋಗೋದೇ ಲೀಡ್ ಮಾಡೋದಲ್ಲ

ಕಳೆದ ತಿಂಗಳು ನಾವು 11 ಬೈಕ್‌ಗಳಲ್ಲಿ ನಂದಿ ಬೆಟ್ಟಕ್ಕೆ ಹೋಗಿದ್ವಿ. ವಾಪಸ್ ಬಂದ ಮೇಲೆ ಜೂನಿಯರ್ ಒಬ್ಬಳು, "ನೀವು ಲೀಡ್ ಮಾಡ್ಲಿಲ್ಲ, ಬರೀ ಮುಂದೆ ಹೋದ್ರಿ" ಅಂದ್ಲು. ಸಿಟ್ಟು ಬಂತು. ಆದರೆ ಅವಳು ದೇವನಹಳ್ಳಿ ಹತ್ತಿರ ದಾರಿ ತಪ್ಪಿ ಅರ್ಧ ಗಂಟೆ ಒಬ್ಬಳೇ ನಿಂತಿದ್ದು ನಮಗೆ ಗೊತ್ತೇ ಇರಲಿಲ್ಲ.

ಈಗ ನಮ್ಮ ನಿಯಮ ಇಷ್ಟು:

1. ಹೊಸಬರು ಲೀಡರ್ ಹಿಂದೆಯೇ. ಅನುಭವಿ ಒಬ್ಬರು ಕೊನೆಗೆ. ಅವರ ಹಿಂದೆ ಯಾರೂ ಉಳಿಯಬಾರದು.
2. ನೇರ ರಸ್ತೆಯಲ್ಲಿ ಎಡ-ಬಲ ಬಿಟ್ಟು ಸಾಲು. ನಮ್ಮ ಗೆರೆಯಲ್ಲೇ ಮುಂದಿರುವ ಬೈಕಿಗೆ 2 ಸೆಕೆಂಡ್ ಅಂತರ. ಘಾಟಿ ತಿರುವಿನಲ್ಲಿ ಒಂಟಿ ಸಾಲು.
3. ಜಂಕ್ಷನ್‌ನಲ್ಲಿ ಹಿಂದಿನವರು ಕಾಣೋವರೆಗೂ ಕಾಯಬೇಕು.
4. ಟೀಕೆ ಬಂದರೆ "ಆದರೆ" ಅನ್ನಬೇಡಿ. "ಎಲ್ಲಿ ಆಯ್ತು?" ಅಂತ ಕೇಳಿ, ಬರೆದುಕೊಳ್ಳಿ.

ಮೂರನೇ ನಿಯಮ ಅವಳದ್ದೇ.