ಟಾನ್ಸಿಲ್ ಉರಿಯೂತ: ಕಾರಣಗಳು ಮತ್ತು ಮುನ್ನೆಚ್ಚರಿಕೆ
ಗಂಟಲಿನ ಇಕ್ಕೆಲಗಳಲ್ಲಿರುವ ಟಾನ್ಸಿಲ್ ಗ್ರಂಥಿಗಳು ಬಾಯಿ, ಮೂಗಿನ ಮೂಲಕ ಪ್ರವೇಶಿಸುವ ರೋಗಾಣುಗಳನ್ನು ತಡೆಯುತ್ತವೆ. ಈ ಕಾರ್ಯದಲ್ಲಿ ಅವೇ ಸೋಂಕಿಗೊಳಗಾಗಿ ಊದಿಕೊಳ್ಳುವುದುಂಟು. ಬಹುಪಾಲು ಪ್ರಕರಣಗಳಿಗೆ ನೆಗಡಿ ತರುವಂತಹ ವೈರಾಣುಗಳೇ ಕಾರಣ. ಇವುಗಳ ಮೇಲೆ ಆಂಟಿಬಯೋಟಿಕ್ ಔಷಧಿಗಳು ಪರಿಣಾಮ ಬೀರುವುದಿಲ್ಲ.

ಇನ್ನೊಂದು ಮುಖ್ಯ ಕಾರಣ 'ಎ' ಗುಂಪಿನ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ. 5ರಿಂದ 15 ವರ್ಷದ ಮಕ್ಕಳಲ್ಲಿ ಇದರ ಸೋಂಕು ಹೆಚ್ಚು. ಕೆಮ್ಮು, ಸೀನಿನ ಹನಿಗಳಿಂದಲೂ ಎಂಜಲು ಲೋಟದಿಂದಲೂ ಇದು ಹರಡುತ್ತದೆ. ತಣ್ಣೀರು, ಐಸ್‌ಕ್ಯಾಂಡಿಗಳೇ ಕಾರಣವೆಂಬ ನಂಬಿಕೆ ಸರಿಯಲ್ಲ. ಈ ಸೋಂಕಿಗೆ ಚಿಕಿತ್ಸೆ ದೊರೆಯದಿದ್ದರೆ ಕೆಲವು ಮಕ್ಕಳಲ್ಲಿ 2ರಿಂದ 4 ವಾರಗಳ ಬಳಿಕ ರುಮ್ಯಾಟಿಕ್ ಜ್ವರ ಕಾಣಿಸಿಕೊಂಡು, ಹೃದಯದ ಕವಾಟಗಳಿಗೆ ಶಾಶ್ವತ ಹಾನಿಯಾಗಬಹುದು.

ಆದ್ದರಿಂದ ಜ್ವರದೊಂದಿಗೆ ಗಂಟಲು ನೋವಿರುವ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸತಕ್ಕದ್ದು. ವೈದ್ಯರು ಆಂಟಿಬಯೋಟಿಕ್ ಸೂಚಿಸಿದ್ದಲ್ಲಿ, ನೋವು ಶಮನವಾದರೂ ನಿಗದಿತ ಅವಧಿ ಪೂರ್ಣಗೊಳ್ಳುವವರೆಗೆ ನಿಲ್ಲಿಸಬಾರದು.