ಜರ್ಮನಿಯ ವಾಣಿಜ್ಯ ವೃತ್ತಿ ಶಿಕ್ಷಣ: ಬೋಧನೆ ಮತ್ತು ಸಂಶೋಧನೆ

ವೃತ್ತಿಶಾಲೆಯ ಪಾಠ, ಕಂಪನಿಯ ತರಬೇತಿ ಎರಡೂ ಜೊತೆಜೊತೆಗೆ ಸಾಗುವುದೇ ಜರ್ಮನಿಯ ಡ್ಯುಯಲ್ ಪದ್ಧತಿ. ವೃತ್ತಿ ತರಬೇತಿ ಕಾಯ್ದೆ ಬಂದದ್ದು 1969ರಲ್ಲಿ. ಸಂಶೋಧನಾ ಸಂಸ್ಥೆ ಬಿಐಬಿಬಿ ಸ್ಥಾಪನೆ 1970ರಲ್ಲಿ, ಈಗಿನ ಕೇಂದ್ರ ಬಾನ್. ಕಂಪನಿ ತರಬೇತಿಯ ನಿಯಮ ಒಕ್ಕೂಟ ಸರ್ಕಾರದ್ದು, ಶಾಲಾ ಶಿಕ್ಷಣ ರಾಜ್ಯಗಳದ್ದು. ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಇಲ್ಲೇ, ಚೆನ್ನಾಗಿ ನೆನಪಿಡಿ.

ಮುಖ್ಯ ತಿರುವು 1996ರ ‘ಲೆರ್ನ್‌ಫೆಲ್ಡ್’, ಅಂದರೆ ಕಲಿಕಾ ಕ್ಷೇತ್ರ ಪರಿಕಲ್ಪನೆ. ಲೆಕ್ಕಶಾಸ್ತ್ರ, ವಾಣಿಜ್ಯ ಪತ್ರವ್ಯವಹಾರ ಎಂದು ವಿಷಯ ಒಡೆಯದೆ, ಕೆಲಸದ ಸಂದರ್ಭವನ್ನೇ ಪಾಠದ ಘಟಕವಾಗಿಸಿದರು. ಗ್ರಾಹಕನ ಆರ್ಡರ್ ಬಂತು ಎನ್ನಿ: ವಿದ್ಯಾರ್ಥಿ ದಾಸ್ತಾನು ನೋಡಬೇಕು, ದರ ಹಾಕಬೇಕು, ಇನ್‌ವಾಯ್ಸ್ ಬರೆಯಬೇಕು, ಹಣ ತಡವಾದರೆ ನೆನಪೋಲೆ ಕಳಿಸಬೇಕು, ಎಲ್ಲವನ್ನೂ ಖಾತೆಗೇರಿಸಬೇಕು. ಜಮಾ-ಖರ್ಚಿನ ನಿಯಮ ಬಾಯಿಪಾಠ ಮಾಡಿದವನಿಗೂ ಆ ನಮೂದು ಏಕೆ ಬಂತೆಂಬುದು ಹೀಗೆ ಮಾಡಿದಾಗಲೇ ಹೊಳೆಯುತ್ತದೆ. ಅಣಕು ಕಂಪನಿಗಳಲ್ಲೂ ಇದೇ ಅಭ್ಯಾಸ. ಸರಕು, ಹಣ ಕಾಲ್ಪನಿಕ, ಕಡತದ ಕೆಲಸ ಮಾತ್ರ ಅಸಲಿ.

ವಾಣಿಜ್ಯ ವೃತ್ತಿ ಶಿಕ್ಷಣದ ಪ್ರಮುಖ ಸಂಶೋಧಕ: ಗೋಟಿಂಗೆನ್ ವಿಶ್ವವಿದ್ಯಾಲಯದ ಫ್ರಾಂಕ್ ಆಖ್ಟೆನ್‌ಹಾಗೆನ್.

ಕಾಲಾನುಕ್ರಮದ ಪ್ರಶ್ನೆಗೆ: ಭಾರತದ ಅಪ್ರೆಂಟಿಸ್ ಕಾಯ್ದೆ 1961ರದು, ಜರ್ಮನ್ ಕಾಯ್ದೆಗಿಂತ 8 ವರ್ಷ ಹಿಂದಿನದು.