ನಮ್ಮ ಫೋನು, ನಮ್ಮ ನಂಬರು

ಈಗ ಹಳ್ಳಿಹಳ್ಳಿಗೆ ಫೋನು ಬಂದಿದೆ. ನವಲಗುಂದದ ಎರೆ ಹೊಲದಲ್ಲಿ ಹೆಸರು ಬಿಡಿಸುವಾಗ ಫೋನು ಬಾರಿಸುತ್ತದೆ. ಕಲಘಟಗಿಯ ಭತ್ತದ ಗದ್ದೆಯ ಬದುವಿನ ಮೇಲೆ ಫೋನು ಹಾಡುತ್ತದೆ. ಕುಂದಗೋಳದ ಸಂತೆಯಲ್ಲಿ, ಅಣ್ಣಿಗೇರಿಯ ಬಸ್ ನಿಲ್ದಾಣದಲ್ಲಿ ಫೋನಿಲ್ಲದ ಕೈ ಕಡಿಮೆ.

ಆ ಕೈ ಯಾರದು? ನಮ್ಮ ಅನೇಕ ಮನೆಗಳಲ್ಲಿ ಟಚ್ ಫೋನು ಇರುವುದು ಒಂದೇ. ಅದು ಗಂಡನ ಕಿಸೆಯಲ್ಲೋ ಮಗನ ಕಿಸೆಯಲ್ಲೋ ಇರುತ್ತದೆ. ನಳದ ಹತ್ತಿರ ನಾವು ಆಡುವ ಮಾತು ಹೀಗಿರುತ್ತದೆ:

"ಯಕ್ಕಾ, ಗೃಹಲಕ್ಷ್ಮಿ ರೊಕ್ಕ ಬಂತೇನ?"

"ಯಾರಿಗೆ ಗೊತ್ತವ್ವಾ. ಮಗ ಹುಬ್ಬಳ್ಳಿಯಿಂದ ಬಂದ ಮ್ಯಾಲೆ ನೋಡಿ ಹೇಳತಾನ."

ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಸುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಎಂದು ಸರ್ಕಾರ ಗೊತ್ತುಮಾಡಿತು. ರೊಕ್ಕ ಬರುವುದು ಯಜಮಾನಿಯ ಖಾತೆಗೆ. ಆದರೆ ರೊಕ್ಕ ಬಂತು ಎಂಬ ಸುದ್ದಿ ಹೋಗುವುದು ಮತ್ತೊಬ್ಬರ ಫೋನಿಗೆ! ನಮಗೆ ಓದಲು ಬರದಿದ್ದಾಗ ಹಾಗೆ ನಡೆಯಿತು. ಈಗ ನಮಗೆ ಅಕ್ಷರ ಬರುತ್ತದೆ, ಅಂಕಿ ಬರುತ್ತದೆ. ಇನ್ನೂ ಯಾಕೆ ಕಾಯಬೇಕು?

ಇದಕ್ಕೆ ದುಬಾರಿ ಫೋನು ಬೇಕಿಲ್ಲ. ಅಗ್ಗದ್ದು ಸಾಕು. ಮಗ ಬಳಸಿ ಬಿಟ್ಟದ್ದೂ ನಡೆದೀತು. ಆದರೆ ಅದರೊಳಗಿನ ಸಿಮ್ ನಮ್ಮ ಹೆಸರಿನಲ್ಲಿ ಇರಬೇಕು.

ನಂಬರು ಯಾಕೆ ದೊಡ್ಡದು?

ಆಧಾರ್ ಕಾರ್ಡಿಗೆ ಒಂದು ಫೋನ್ ನಂಬರು ಜೋಡಿಸಿರುತ್ತಾರೆ. ಬ್ಯಾಂಕಿನ ಖಾತೆಗೂ ಒಂದು ನಂಬರು ಜೋಡಿಸಿರುತ್ತಾರೆ. ಯಾವುದಾದರೂ ಕೆಲಸ ಮಾಡಿಸುವಾಗ ಆ ನಂಬರಿಗೆ ಒಂದು ಗುಟ್ಟಿನ ಸಂಖ್ಯೆ ಬರುತ್ತದೆ. ಅದಕ್ಕೆ ಓಟಿಪಿ ಅನ್ನುತ್ತಾರೆ. ಅದು ಒಂದು ಸಲಕ್ಕೆ ಮಾತ್ರ ನಡೆಯುತ್ತದೆ. ಕೆಲವೇ ನಿಮಿಷ ಬಾಳುತ್ತದೆ.

ನಮ್ಮ ಆಧಾರಿಗೆ ಮಗನ ನಂಬರು ಇದೆ ಅನ್ನೋಣ. ಮಗ ದುಡಿಯಲು ಬೆಂಗಳೂರಿಗೆ ಹೋದ. ಓಟಿಪಿಯೂ ಬೆಂಗಳೂರಿಗೆ ಹೋಯಿತು. ನಾವು ಇಲ್ಲಿ ಗ್ರಾಮ ಒನ್ ಕೇಂದ್ರದ ಮುಂದೆ ಕುಳಿತೆವು. ಮಗ ಕೆಲಸದಲ್ಲಿದ್ದ, ಫೋನು ಎತ್ತಲಿಲ್ಲ. ಆ ದಿನದ ಕೂಲಿ ಹೋಯಿತು. ಮಗನ ಮೇಲೆ ಸಂಶಯಪಡಬೇಕು ಎಂದು ನಾವು ಹೇಳುತ್ತಿಲ್ಲ. ಅವನಿಗೂ ಇದು ತಾಪತ್ರಯವೇ.

ಆದ್ದರಿಂದ ನಮ್ಮ ನಂಬರನ್ನು ಆಧಾರಿಗೆ ಜೋಡಿಸಬೇಕು. ಆಧಾರ್ ಕೇಂದ್ರಕ್ಕೆ ನಾವೇ ಹೋಗಬೇಕು, ಹೆಬ್ಬೆರಳು ಕೊಡಬೇಕು, ರಸೀದಿ ಕೇಳಿ ಪಡೆಯಬೇಕು. ಆಮೇಲೆ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ ಅಲ್ಲಿಯೂ ಅದೇ ನಂಬರು ಬರೆಸಬೇಕು.

ನಮ್ಮ ಜಿಲ್ಲೆಯ ಅಕ್ಕಂದಿರಿಗೆ ಇನ್ನೊಂದು ಮಾತು. ನಮ್ಮಲ್ಲಿ ಬಹಳ ಮಂದಿಯ ಖಾತೆ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಇತ್ತು. ಅದರ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 2025ರ ಮೇ 1ರಂದು ಈ ಬ್ಯಾಂಕು ಮತ್ತು ಕರ್ನಾಟಕ ಗ್ರಾಮೀಣ ಬ್ಯಾಂಕು ಸೇರಿ ಒಂದಾದವು. ಈಗ ಹೆಸರು ಕರ್ನಾಟಕ ಗ್ರಾಮೀಣ ಬ್ಯಾಂಕು, ಮುಖ್ಯ ಕಚೇರಿ ಬಳ್ಳಾರಿ. ನಮ್ಮ ರೊಕ್ಕ ಎಲ್ಲಿಯೂ ಹೋಗಿಲ್ಲ. "ಬ್ಯಾಂಕು ಬದಲಾಗೇತಿ, ನಿಮ್ಮ ನಂಬರ್ ಹೇಳ್ರಿ" ಎಂದು ಯಾರಾದರೂ ಫೋನು ಮಾಡಿದರೆ ಹೇಳಬೇಡಿ. ಶಾಖೆಗೇ ಹೋಗಿ ಕೇಳಿ.

ಬಾಯಿ ತೆರೆದ ಕಡಗ

ಬ್ಯಾಂಕಿನಿಂದ ಮೆಸೇಜು ಬರುತ್ತದೆ. ಬಹಳ ಸಲ ಅದು ಇಂಗ್ಲಿಷಿನಲ್ಲಿ ಇರುತ್ತದೆ. ಹೆದರಬೇಡಿ. ಅದರಲ್ಲಿ ನಮಗೆ ಬೇಕಾದದ್ದು ನಾಲ್ಕೇ ಸಂಗತಿ.

ಮೊದಲು ಖಾತೆಯ ಕೊನೆಯ ಮೂರೋ ನಾಲ್ಕೋ ಅಂಕಿ ಇರುತ್ತವೆ. ಪಾಸ್‌ಬುಕ್ ತೆರೆದು ತಾಳೆ ನೋಡಿ. ಆಮೇಲೆ ರೂಪಾಯಿ ಎಷ್ಟು ಎಂದು ಇರುತ್ತದೆ. 2000.00 ಎಂದು ಇದ್ದರೆ ಚುಕ್ಕೆಯ ಆಚೆಗಿನದು ಪೈಸೆ. ಚುಕ್ಕೆ ಬಿಟ್ಟು ಓದಿ ಎರಡು ಲಕ್ಷ ಎಂದು ಹಿಗ್ಗಬೇಡಿ! ಮುಂದೆ ತಾರೀಕು ಇರುತ್ತದೆ.

ನಾಲ್ಕನೆಯದು ಬಹಳ ಮುಖ್ಯ. ರೊಕ್ಕ ಬಂತೋ, ಹೋಯಿತೋ? ಬಂದರೆ "ಕ್ರೆಡಿಟೆಡ್" ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಹೋದರೆ "ಡೆಬಿಟೆಡ್" ಎಂದು ಬರೆದಿರುತ್ತಾರೆ. ಎರಡೂ ಕೇಳಲು ಒಂದೇ ತರ, ನೋಡಲೂ ಒಂದೇ ತರ. ಹಾಗಾದರೆ ಗುರುತು ಹೇಗೆ? ಮೊದಲನೆಯ ಅಕ್ಷರ ನೋಡಿ. ಕ್ರೆಡಿಟೆಡ್ ಪದದ ಮೊದಲಕ್ಷರ ಕೈಗೆ ಹಾಕುವ ಕಡಗದಂತೆ ಇರುತ್ತದೆ. ಅದರ ಬಾಯಿ ಬಲಗಡೆಗೆ ತೆರೆದಿರುತ್ತದೆ. ಡೆಬಿಟೆಡ್ ಪದದ ಮೊದಲಕ್ಷರ ಎರಡು ರೀತಿ ಇರುತ್ತದೆ. ದೊಡ್ಡ ಅಕ್ಷರವಾದರೆ ಹೆದೆ ಕಟ್ಟಿದ ಬಿಲ್ಲಿನಂತೆ, ಸಣ್ಣದಾದರೆ ಬಳೆಗೆ ಬಲಗಡೆ ಕಡ್ಡಿ ನಿಲ್ಲಿಸಿದಂತೆ. ಎರಡರಲ್ಲೂ ಬಾಯಿ ಮುಚ್ಚಿರುತ್ತದೆ.

ಬಾಯಿ ತೆರೆದಿದ್ದರೆ ರೊಕ್ಕ ಬಂತು. ಬಾಯಿ ಮುಚ್ಚಿದ್ದರೆ ರೊಕ್ಕ ಹೋಯಿತು.

ಮೆಸೇಜು ಬರದೇ ಹೋದರೆ? ಸರ್ಕಾರದ "ಡಿಬಿಟಿ ಕರ್ನಾಟಕ" ಎಂಬ ಆ್ಯಪು ಇದೆ. ಅದರಲ್ಲಿ ಆಧಾರ್ ನಂಬರು ಹಾಕಬೇಕು. ಓಟಿಪಿ ಬರುತ್ತದೆ. ಅದನ್ನು ತುಂಬಿದ ಮೇಲೆ ನಾಲ್ಕು ಅಂಕಿಯ ಗುಟ್ಟಿನ ಸಂಖ್ಯೆ ನಾವೇ ಇಟ್ಟುಕೊಳ್ಳಬೇಕು. ಯಾವ ಯೋಜನೆಯ ರೊಕ್ಕ, ಯಾವ ತಾರೀಕಿಗೆ, ಯಾವ ಬ್ಯಾಂಕಿಗೆ ಹೋಯಿತು ಎಂದು ಅದರಲ್ಲಿ ಕಾಣುತ್ತದೆ. ಇದನ್ನು ಪ್ಲೇ ಸ್ಟೋರಿನಿಂದ ಮಾತ್ರ ಇಳಿಸಿಕೊಳ್ಳಿ. ಮೊದಲ ಸಲ ಓದಿದ ಮಗಳನ್ನು ಪಕ್ಕಕ್ಕೆ ಕೂಡಿಸಿಕೊಳ್ಳಿ. ಎರಡನೆಯ ಸಲ ನೀವೇ ಮಾಡಿ.

ರಿಚಾರ್ಜಿನ ಲೆಕ್ಕ

ನಮ್ಮ ಫೋನು ಕರಾರಿನ ಫೋನಲ್ಲ. ಮೊದಲು ರೊಕ್ಕ ಹಾಕಬೇಕು, ಆಮೇಲೆ ಮಾತಾಡಬೇಕು. ಇದಕ್ಕೆ ಪ್ರಿಪೇಯ್ಡ್ ಅನ್ನುತ್ತಾರೆ. ಇದರಲ್ಲಿ ಅನುಕೂಲ ಇದೆ, ತಿಂಗಳ ಕೊನೆಗೆ ಬಿಲ್ಲು ಬರುವುದಿಲ್ಲ. ಅಪಾಯವೂ ಇದೆ. ಅವಧಿ ಮುಗಿದು ಹಾಗೇ ಬಿಟ್ಟರೆ ಮೊದಲು ನಮ್ಮ ಮಾತು ನಿಲ್ಲುತ್ತದೆ. ಆಮೇಲೆ ನಮಗೆ ಬರುವ ಕರೆ ನಿಲ್ಲುತ್ತದೆ, ಓಟಿಪಿಯೂ ನಿಲ್ಲುತ್ತದೆ. 90 ದಿನ ಏನೂ ಬಳಸದಿದ್ದರೆ ನಂಬರೇ ಹೋಗಬಹುದು. ಮುಂದೆ ಆ ನಂಬರನ್ನು ಕಂಪನಿಯವರು ಮತ್ತೊಬ್ಬರಿಗೆ ಕೊಡುತ್ತಾರೆ. ನಮ್ಮ ಬ್ಯಾಂಕಿನ ಸುದ್ದಿ ಅವರಿಗೆ ಹೋದೀತು!

ಈಗ ಲೆಕ್ಕ ಮಾಡೋಣ. ಒಂದು ಪ್ಯಾಕಿಗೆ 200 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅದು 28 ದಿನ ಬಾಳುತ್ತದೆ. ವರ್ಷಕ್ಕೆ ತಿಂಗಳು 12. ಆದರೆ 365 ದಿನವನ್ನು 28ರಿಂದ ಭಾಗಿಸಿದರೆ 13 ಬರುತ್ತದೆ.

200 × 12 = 2400
200 × 13 = 2600

ತಿಂಗಳ ಪ್ಯಾಕು ಅಂತ ನಾವು ತಿಳಿದದ್ದು ತಿಂಗಳದ್ದಲ್ಲ. ವರ್ಷಕ್ಕೆ 200 ರೂಪಾಯಿ ಹೆಚ್ಚು ಹೋಯಿತು. ಒಂದು ದಿನದ ಕಸ ತೆಗೆಯುವ ಕೂಲಿಯೇ ಹೋದಂತೆ.

ಟೆಲಿಫೋನು ಕಂಪನಿಗಳ ಮೇಲೆ ಟ್ರಾಯ್ ಎಂಬ ಸಂಸ್ಥೆ ಇದೆ. 30 ದಿನದ ಒಂದು ಪ್ಯಾಕು, ಪ್ರತಿ ತಿಂಗಳು ಅದೇ ತಾರೀಕಿಗೆ ಹಾಕಿಸುವ ಒಂದು ಪ್ಯಾಕು ಇಡಲೇಬೇಕು ಎಂದು ಅದು 2022ರಲ್ಲಿ ಹೇಳಿತು. ಇಂಟರ್‌ನೆಟ್ ಇಲ್ಲದೆ ಮಾತಿಗೆ ಮತ್ತು ಮೆಸೇಜಿಗೆ ಮಾತ್ರ ಪ್ಯಾಕು ಕೊಡಬೇಕು ಎಂದು 2024ರ ಡಿಸೆಂಬರಿನಲ್ಲಿ ಹೇಳಿತು. ಅಂಗಡಿಯವರು ತಾವಾಗಿ ಇದನ್ನು ಹೇಳುವುದು ಕಡಿಮೆ. ನಾವೇ ಕೇಳಬೇಕು: "ಅಣ್ಣಾ, ಬರೇ ಮಾತಿನ ಪ್ಯಾಕ್ ಯಾವುದೈತಿ? ಎಷ್ಟ ದಿನ ಬರತೈತಿ?" ಬೆಲೆಯನ್ನು ದಿನದಿಂದ ಭಾಗಿಸಿ ನೋಡಿ. ದಿನಕ್ಕೆ ಎಷ್ಟು ಬಿತ್ತು ಎಂದು ತಿಳಿಯುತ್ತದೆ. ಮಕ್ಕಳ ಪಾಠಕ್ಕೆ, ವಾಟ್ಸ್ಆ್ಯಪಿಗೆ ಇಂಟರ್‌ನೆಟ್ ಬೇಕಾದರೆ ಮಾತ್ರ ಹೆಚ್ಚಿನದು ಹಾಕಿಸಿ.

ಅಗ್ಗದ ಫೋನಿನಲ್ಲಿ ಜಾಗ ಸಣ್ಣದು. ದಿನಾ ಬೆಳಿಗ್ಗೆ ಹೂವಿನ ಫೋಟೋ, ದೇವರ ಫೋಟೋ ಬರುತ್ತವೆ. ಎಲ್ಲ ಒಳಗೆ ಕೂಡುತ್ತವೆ, ಫೋನು ಆಮೆಯಂತೆ ನಡೆಯುತ್ತದೆ. ವಾಟ್ಸ್ಆ್ಯಪಿನ ಸೆಟ್ಟಿಂಗಿನಲ್ಲಿ ಫೋಟೋ, ವಿಡಿಯೋ ತಾವಾಗಿ ಇಳಿಯದಂತೆ ಬಂದ್ ಮಾಡಿರಿ. ಡೇಟಾ ಕೂಡ ಉಳಿಯುತ್ತದೆ.

ಫೋನಿಗೆ ಕನ್ನಡ ಕಲಿಸೋಣ

ಸೆಟ್ಟಿಂಗಿನಲ್ಲಿ ಭಾಷೆ ಎಂಬುದಿದೆ. ಅಲ್ಲಿ ಕನ್ನಡ ಆರಿಸಿದರೆ ಫೋನೆಲ್ಲ ಕನ್ನಡವಾಗುತ್ತದೆ. ಅಕ್ಷರ ದೊಡ್ಡದು ಮಾಡಿಕೊಳ್ಳಲೂ ಬರುತ್ತದೆ. ಚಿಮಣಿ ಬೆಳಕಿನಲ್ಲಿ ಓದಿದ ನಮ್ಮ ಕಣ್ಣಿಗೆ ಅದು ಬೇಕು.

ಬರೆಯುವ ಜಾಗದಲ್ಲಿ ಮೈಕಿನ ಸಣ್ಣ ಚಿತ್ರ ಇರುತ್ತದೆ. ಕೀಲಿಮಣೆಗೂ ಕನ್ನಡ ಸೇರಿಸಿ, ಮೈಕು ಒತ್ತಿ ಮಾತಾಡಿ. ನಮ್ಮ ಮಾತು ಅಕ್ಷರವಾಗಿ ಮೂಡುತ್ತದೆ. ನಮ್ಮ ಕಡೆಯ ಮಾತು ಅದಕ್ಕೆ ಒಮ್ಮೊಮ್ಮೆ ತಿಳಿಯುವುದಿಲ್ಲ. ಬುತ್ತಿ ಅಂದರೆ ಬುದ್ಧಿ ಎಂದು ಬರೆದೀತು. ಆಗ ನಾವು ತಿದ್ದಬೇಕು. ತಿದ್ದುತ್ತಾ ತಿದ್ದುತ್ತಾ ಒತ್ತಕ್ಷರ ಪಕ್ಕಾ ಆಗುತ್ತದೆ. ರಾತ್ರಿ ಶಾಲೆಯ ಮಾಸ್ತರು ಇಲ್ಲದ ದಿನ ಇದು ಒಳ್ಳೆಯ ಅಭ್ಯಾಸ.

ಹೊಲಕ್ಕೂ ಫೋನು ಬೇಕು. ನಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಎಂದು "ಬೆಳೆ ದರ್ಶಕ್" ಆ್ಯಪಿನಲ್ಲಿ ನೋಡಬಹುದು. ನಾವು ಹೆಸರು ಬಿತ್ತಿ, ಅಲ್ಲಿ ಹತ್ತಿ ಎಂದು ಇದ್ದರೆ ಬೆಳೆ ವಿಮೆಗೆ ತೊಡಕು. ತಪ್ಪಿದ್ದರೆ ಅಲ್ಲಿಯೇ ತಕರಾರು ಹಾಕಬಹುದು. ಗುಡುಗು ಸಿಡಿಲಿನ ಕಾಲಕ್ಕೆ "ದಾಮಿನಿ" ಎಂಬ ಆ್ಯಪು ಇದೆ, ಹತ್ತಿರ ಸಿಡಿಲು ಬೀಳುವ ಸೂಚನೆ ಇದ್ದರೆ ಹೇಳುತ್ತದೆ. ಸಾಗುವಳಿಯ ಮಾತು ಕೇಳಲು ಆ್ಯಪೂ ಬೇಡ. ಕಿಸಾನ್ ಕಾಲ್ ಸೆಂಟರಿನ 1800-180-1551 ನಂಬರಿಗೆ ಪುಕ್ಕಟೆ ಮಾತಾಡಬಹುದು. ಕನ್ನಡದಲ್ಲೇ ಉತ್ತರ ಹೇಳುತ್ತಾರೆ.

ಪೆಟ್ಟಿಗೆಯ ಕೀಲಿಕೈ

ಫೋನಿನಿಂದ ರೊಕ್ಕ ಕಳಿಸುವಾಗ ಪಿನ್ ಒತ್ತುತ್ತೇವೆ. ಪಿನ್ ಅಂದರೆ ಪೆಟ್ಟಿಗೆಯ ಕೀಲಿಕೈ. ರೊಕ್ಕ ಹೊರಗೆ ಹೋಗುವಾಗ ಅದು ಬೇಕು. ರೊಕ್ಕ ಬರುವಾಗ ಪಿನ್ ಬೇಡವೇ ಬೇಡ. ನಮ್ಮ ಹಗೇವಿಗೆ ಜೋಳ ತುಂಬಲು ಬಂದವನು ಪೆಟ್ಟಿಗೆಯ ಕೀಲಿಕೈ ಕೇಳುತ್ತಾನೇನು?

ಆದರೆ ಠಕ್ಕರು ಹೀಗೆ ಕೇಳುತ್ತಾರೆ: "ಅಮ್ಮಾ, ನಿಮಗೆ ಸರ್ಕಾರದಿಂದ 5000 ಬಂದಿದೆ. ಪಿನ್ ಒತ್ತಿ, ಜಮಾ ಆಗುತ್ತದೆ." ಒತ್ತಿದರೆ ನಮ್ಮದೇ ಹೋಗುತ್ತದೆ. ಇನ್ನು ಕೆಲವರು ವಾಟ್ಸ್ಆ್ಯಪಿನಲ್ಲಿ ಮದುವೆಯ ಕಾರ್ಡು ಎಂದು ಏನೋ ಕಳಿಸುತ್ತಾರೆ. ಮುಟ್ಟಿದರೆ "ಇನ್‌ಸ್ಟಾಲ್ ಮಾಡಿ" ಅನ್ನುತ್ತದೆ. ಮದುವೆಯ ಕಾರ್ಡಿಗೆ ಇನ್‌ಸ್ಟಾಲ್ ಯಾಕೆ? ಮುಟ್ಟಬೇಡಿ, ಅಳಿಸಿಹಾಕಿ.

ಮೋಸವಾದರೆ ಅಳುತ್ತಾ ಕೂಡಬೇಡಿ. ಮನೆಯವರು ಬಯ್ಯುತ್ತಾರೆ ಎಂದು ಮುಚ್ಚಿಡಲೂ ಬೇಡಿ. ತಕ್ಷಣ 1930ಕ್ಕೆ ಫೋನು ಮಾಡಿ. ಬೇಗ ಹೇಳಿದರೆ ರೊಕ್ಕ ಕೈಬದಲಾಗುವ ಮೊದಲೇ ತಡೆಯಲು ಆದೀತು. ಬ್ಯಾಂಕಿಗೂ ತಿಳಿಸಿ.

ಮಾಡಿ ನೋಡೋಣ

1. ನಿಮ್ಮ ಆಧಾರಿಗೆ ಮತ್ತು ಬ್ಯಾಂಕಿಗೆ ಯಾವ ನಂಬರು ಜೋಡಿಸಿದೆ? ಕೇಳಿ ತಿಳಿದು ಇಲ್ಲಿ ಬರೆಯಿರಿ. ಎರಡೂ ಒಂದೇ ಇವೆಯೇ?

2. ಒಂದು ಪ್ಯಾಕಿಗೆ 180 ರೂಪಾಯಿ, 28 ದಿನ. ಇನ್ನೊಂದಕ್ಕೆ 450 ರೂಪಾಯಿ, 84 ದಿನ. ಯಾವುದು ಅಗ್ಗ? ಲೆಕ್ಕ ಮಾಡಿ.

3. ಮನೆಯ ಫೋನಿನಲ್ಲಿ ಬ್ಯಾಂಕಿನ ಹಳೆಯ ಮೆಸೇಜು ಹುಡುಕಿ. ಬಾಯಿ ತೆರೆದ ಕಡಗ ಎಲ್ಲಿದೆ, ಪಕ್ಕದಾಕೆಗೆ ತೋರಿಸಿ.

4. ಕೆಳಗಿನ ನಂಬರುಗಳನ್ನು ಸೀಮೆಸುಣ್ಣದಿಂದ ಬಾಗಿಲ ಹಿಂದೆ ದೊಡ್ಡದಾಗಿ ಬರೆಯಿರಿ.
ರೊಕ್ಕದ ಮೋಸಕ್ಕೆ 1930
ಆಂಬುಲೆನ್ಸಿಗೆ 108
ಹೆಣ್ಣುಮಕ್ಕಳ ಸಹಾಯಕ್ಕೆ 181
ಪೊಲೀಸರಿಗೆ 112